ಖಾಲಿ ಬಿಡಬೇಕಾದ ಜಾಗ

ಕರದಂಟಿನ ಹಳೆಯ ಡಬ್ಬಿ ತೆರೆದರೆ ಬೆಲ್ಲ-ತುಪ್ಪದ ವಾಸನೆ ಇನ್ನೂ ಹೋಗಿರಲಿಲ್ಲ. ಒಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ, ಅದರಲ್ಲಿ ಎಳ್ಳಿಗಿಂತ ತುಸು ದೊಡ್ಡದಾದ ನಾಲ್ಕು ಚಿಪ್‌ಗಳು, ಕೆಳಗೆ ಮಡಚಿಟ್ಟ ಎರಡು ಹಾಳೆ. ಮೊನ್ನೆ ಮೂಡಲಗಿಯಲ್ಲಿ, ನನಗೆ ಕಲಿಸಿದ ಅಕ್ಕೋರ ತಂಗಿ ಇದನ್ನು ನನ್ನ ಕೈಗಿಟ್ಟು, "ಅಕ್ಕಾ ನಿಮ್ಮ ಹೆಸರ ಹೇಳಿ ತಗದ ಇಟ್ಟಿದ್ಳರಿ" ಎಂದರು. ಅಕ್ಕೋರು ತೀರಿಕೊಂಡು ಆಗ ಹದಿನೈದು ದಿನವಾಗಿತ್ತು.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲ್ಲರಿಗೂ ಅವರು ಮೇಡಂ. ತುಕ್ಕಾನಟ್ಟಿಯ ಶಾಲೆಯಿಂದ ಬಂದ ನನ್ನ ಬಾಯಲ್ಲಿ ಮಾತ್ರ ಅಕ್ಕೋರು ಎಂದೇ ಬರುತ್ತಿತ್ತು. ಉಳಿದವರು ನಕ್ಕರು, ಅವರು ನಗಲಿಲ್ಲ. ಎಂ.ಟೆಕ್ ಮುಗಿದ ಮೇಲೆ ತಮ್ಮ ಪಿಎಚ್.ಡಿ. ಸಂಶೋಧನೆಗೆ ನನ್ನನ್ನೇ ಸಹಾಯಕಿಯಾಗಿ ಇಟ್ಟುಕೊಂಡರು.

ಅವರ ಹಟ ಒಂದೇ: ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳ ಆಂಟೆನಾವನ್ನು ಹೊರಗೆ ಜೋಡಿಸದೆ ಚಿಪ್‌ನ ಮೇಲೆಯೇ ಮೂಡಿಸಬೇಕು. ಅಲೆ ಚಿಕ್ಕದು, ಆದ್ದರಿಂದ ಆಂಟೆನಾ ಅಲ್ಲಿ ಹಿಡಿಸುತ್ತದೆ. ಆದರೆ ಕೆಳಗಿನ ಸಿಲಿಕಾನ್ ಶಕ್ತಿಯನ್ನೆಲ್ಲ ನುಂಗಿಬಿಡುತ್ತದೆ. ವರ್ಷಗಟ್ಟಲೆ ಗುದ್ದಾಡಿ ಅವರೊಂದು ಆಕಾರ ಕಂಡುಕೊಂಡಿದ್ದರು. ಅದು ಕೆಲಸ ಮಾಡಬೇಕಾದರೆ ಸುತ್ತ ಲೋಹದ ಚೂರೂ ಇರಕೂಡದು. "ಬಾಜೂಕ ಜಾಗಾ ಖಾಲಿ ಇರಬೇಕವಾ ತಂಗಿ, ನಮ್ಮ ಜೀವ ಅಲ್ಲೇ ಐತಿ" ಎನ್ನುತ್ತಿದ್ದರು.

ಚಿಪ್ ಕಾರ್ಖಾನೆಯಲ್ಲಿ ಬೇರೆಯವರ ವಿನ್ಯಾಸಗಳ ಜೊತೆ ಒಂದು ಮೂಲೆಯಲ್ಲಿ ನಮ್ಮದನ್ನೂ ಮಾಡಿಸುವ ಅವಕಾಶ ಒಮ್ಮೆ ಸಿಕ್ಕಿತು. ಅವರ ಪಿಎಚ್.ಡಿ. ಅವಧಿ ಮುಗಿಯುತ್ತ ಬಂದಿತ್ತು. ಇನ್ನೊಂದು ಸಲ ಎಂಬುದು ಇರಲಿಲ್ಲ. ಚಿಪ್‌ನ ಮೈ ಸಮತಟ್ಟಾಗಲೆಂದು ಕಾರ್ಖಾನೆಯವರು ಖಾಲಿ ಕಂಡಲ್ಲೆಲ್ಲ ಲೋಹದ ಸಣ್ಣ ಚೌಕಗಳನ್ನು ತುಂಬುತ್ತಾರೆ. ಇಲ್ಲಿ ತುಂಬಬೇಡಿ ಎಂದು ನಕ್ಷೆಯಲ್ಲಿ ಗೆರೆ ಹಾಕಿ ತಿಳಿಸಬೇಕು. ಅಕ್ಕೋರು ಹಾಕಿದ್ದರು. ಕೊನೆಯ ತಪಾಸಣೆ ಮಾತ್ರ ನನ್ನದು.

ಆ ಗೆರೆಯಿಂದಾಗಿ ಕಂಪ್ಯೂಟರ್ ಹದಿನೇಳು ತಪ್ಪು ತೋರಿಸಿತು: ಇಲ್ಲಿ ಲೋಹ ಸಾಲದು, ಇಲ್ಲೂ ಸಾಲದು. ಅವು ಹಾಗೇ ಬಿಡಬೇಕಾದ ತಪ್ಪುಗಳು. ನನಗೋ ಹಾಳೆ ಸ್ವಚ್ಛ ಕಾಣಬೇಕೆಂಬ ಚಟ. ಕೌದಿಯಲ್ಲಿ ಬೆರಳಗಲ ಜಾಗ ಹೊಲಿಯದೆ ಬಿಟ್ಟರೂ ಬೈಯುವ ಅವ್ವನ ಕೈಯಲ್ಲಿ ಬೆಳೆದವಳು... ಗೆರೆ ತೆಗೆದೆ. ತಪ್ಪು ಸೊನ್ನೆ ಎಂದು ಬಂತು. ಆ ಹಾಳೆಯ ಕೆಳಗೆ ಹಿಗ್ಗಿನಿಂದ ಸಹಿ ಹಾಕಿ, "ಎಲ್ಲಾ ಬರೋಬ್ಬರಿ ಐತ್ರಿ ಅಕ್ಕೋರ" ಎಂದೆ. ಅವರು ನನ್ನನ್ನು ನಂಬಿದ್ದರು.

ತಿಂಗಳುಗಳಾದ ಮೇಲೆ ಚಿಪ್‌ಗಳು ಬಂದವು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಅಕ್ಕೋರು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಸರಿದು ನನಗೆ ಜಾಗ ಕೊಟ್ಟರು. ಆಂಟೆನಾದ ಸುತ್ತ ಒತ್ತೊತ್ತಾಗಿ ಚೌಕಗಳು.

"ಕಾರ್ಖಾನಿಯವ್ರ ತಪ್ಪ ಇರಬೇಕ್ರಿ" ಎಂದೆ. ಆ ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯ.

"ಇರಬೇಕು" ಎಂದರು. ಚಿಪ್ ತೆಗೆದು ಪೆಟ್ಟಿಗೆಗೆ ಹಾಕುತ್ತ, "ಊಟಾ ಮಾಡೀಯೇನವಾ?" ಎಂದು ಕೇಳಿದರು.

ಎರಡು ದಿನ ಅಳತೆ ಮಾಡಿದರು. ಅಲೆ ಹೊರಬರಲೇ ಇಲ್ಲ. ತಮ್ಮ ಅಜಾಗರೂಕತೆಯಿಂದ ಹೀಗಾಯಿತೆಂದು ವರದಿಯಲ್ಲಿ ಬರೆದು ಕೊಟ್ಟರು. ಅವಧಿ ಮುಗಿಯಿತು, ಪದವಿ ಬರಲಿಲ್ಲ. ನಿವೃತ್ತಿಯವರೆಗೂ ಮೊದಲ ವರ್ಷದವರಿಗೆ ಪಾಠ ಹೇಳಿದರು. ಅವರು ಬರೆದುಕೊಟ್ಟ ಶಿಫಾರಸು ಪತ್ರದಿಂದಲೇ ನನಗೆ ಬೇರೆ ಕಡೆ ಪಿಎಚ್.ಡಿ. ಸೀಟು ಸಿಕ್ಕಿತು. ಈಗ ಹುಕ್ಕೇರಿಯಲ್ಲಿರುವ ನನ್ನ ಮನೆಯ ಬಾಗಿಲ ಫಲಕದಲ್ಲಿ ಹೆಸರಿನ ಹಿಂದೆ ಡಾಕ್ಟರ್ ಎಂದಿದೆ.

ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗ ಅಕ್ಕೋರು ಎಷ್ಟೋ ಸಲ ಸಿಕ್ಕರು. ಕೈ ಹಿಡಿದು ಮಾತಾಡಿಸುತ್ತಿದ್ದರು. ಹೇಳಿಬಿಡಬೇಕೆಂದು ಪ್ರತಿ ಸಲವೂ ಅನಿಸುತ್ತಿತ್ತು, ಅಷ್ಟರಲ್ಲಿ ಬಸ್ಸು ಬರುತ್ತಿತ್ತು... ಬಸ್ಸಿನದೇನು ತಪ್ಪು!

ಇವತ್ತು ಆ ಹಾಳೆಗಳನ್ನು ಬಿಡಿಸಿದೆ. ಒಂದರಲ್ಲಿ ಗೆರೆಯಿದ್ದ ನಕ್ಷೆ, ಹದಿನೇಳು ತಪ್ಪು. ಇನ್ನೊಂದರಲ್ಲಿ ಗೆರೆಯಿಲ್ಲದ ನಕ್ಷೆ, ಸೊನ್ನೆ, ಕೆಳಗೆ ನನ್ನ ಸಹಿ. ಅಕ್ಕೋರಿಗೆ ಗೊತ್ತಿತ್ತು. ಘಟಪ್ರಭಾದಲ್ಲಿ ನನ್ನ ಕೈ ಹಿಡಿದಾಗಲೂ ಗೊತ್ತಿತ್ತು. ನಾನಾಗಿ ಹೇಳಲೆಂದು ಕಾದರೋ ಏನೋ. ಒಂದು ಬೈಗುಳವನ್ನಾದರೂ ಬರೆದಿಟ್ಟಿರಬಹುದೆಂದು ಎರಡೂ ಹಾಳೆಗಳನ್ನು ತಿರುವಿ ನೋಡಿದೆ. ಹಿಂಬದಿ ಖಾಲಿ ಇತ್ತು.