ಗೇಟಿನ ಹೊರಗಿನ ಓಟು

ಸಿಟ್ಟು ಬಂದರೆ ಅವರ ಎರಡೂ ಮೂಗುಬೊಟ್ಟುಗಳು ಒಟ್ಟಿಗೇ ಅದುರುತ್ತಿದ್ದವು. ಸಿಟ್ಟು ದಿನಾ ಬರುತ್ತಿತ್ತು. ಕೊತ್ತಂಬರಿ ಬಾಡಿದ್ದರೆ, ಗ್ಯಾಸ್ ಮುಗಿದಿದ್ದರೆ, ಅವರು ಇಳಿಸಿಟ್ಟ ಸಾರಿಗೆ ನಾನು ನೀರು ಬೆರೆಸಿದರೆ. "ನೀವೇ ಮಾಡ್ಕೊಳ್ಳಂಗಿದ್ರೆ ನಾನ್ಯಾಕ್ ಬರ್ಬೇಕಿತ್ತು?" ಎಂದು ಸೌಟು ಕುಕ್ಕುತ್ತಿದ್ದರು. ಬಸವೇಶ್ವರನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಮನೆಗೂ ಇನ್ನು ಕೆಲವು ಮನೆಗಳಿಗೂ, ಪಕ್ಕದ ಅಪಾರ್ಟ್‌ಮೆಂಟಿನ ಎರಡು ಮನೆಗಳಿಗೂ ಅಡುಗೆ ಮಾಡಲು ಕುರುಬರಹಳ್ಳಿಯಿಂದ ನಡೆದೇ ಬರುತ್ತಿದ್ದ ಅಡುಗೆಯಮ್ಮ.

ಆಮೇಲೆ ಗೇಟಿಗೆ ಆ ದರಿದ್ರ ಆ್ಯಪ್ ಬಂತು. ಕೆಲಸದವರಿಗೆಲ್ಲ ಒಂದೊಂದು ನಂಬರು. ಅದನ್ನು ಹೇಳಿದರೆ ಸೆಕ್ಯುರಿಟಿಯವನು ಒಳಗೆ ಬಿಡುತ್ತಾನೆ. ಮನೆಯವರು ಅವರಿಗೆ ಸ್ಟಾರ್ ಕೊಡಬಹುದು, ಷರಾ ಬರೆಯಬಹುದು, ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರೂ ಅದನ್ನು ಓದಬಹುದು. ಬರೆಸಿಕೊಂಡವರು ಮಾತ್ರ ಓದುವಂತಿಲ್ಲ, ಉತ್ತರ ಕೊಡುವಂತಿಲ್ಲ. ಅಡುಗೆಯಮ್ಮ ಜ್ವರ ಬಂದು ಮಲಗಿದ್ದಕ್ಕೆ ಮೂರನೇ ಮಹಡಿಯ ಮಹಾನುಭಾವರೊಬ್ಬರು ಒಂದೇ ಸ್ಟಾರ್ ಒತ್ತಿ, 'ನಂಬಿಕೆಗೆ ಅರ್ಹರಲ್ಲ' ಎಂದು ಬರೆದರು. ನಂಬಿಕೆಯಂತೆ! ಆ ಮನೆಯ ಬೀಗದ ಕೈ ವರ್ಷಗಟ್ಟಲೆ ಇವರ ಸೆರಗಿನ ತುದಿಯಲ್ಲಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ಎರಡು ಮನೆಯವರು ಕಾರಣವನ್ನೂ ಹೇಳದೆ ಇವರನ್ನು ಬಿಡಿಸಿದರು. ಹೀಗೆ ಒಂದೊಂದೇ ಮನೆ ಹೋದರೆ ಅವರ ಒಲೆ ಉರಿಯುವುದು ಹೇಗೆ? ನನ್ನ ಫೋನಿನಲ್ಲಿದ್ದದ್ದನ್ನು ಓದಿ ಹೇಳಿದೆ. "ಕಳ್ಳಿ ಅಂತ ಬರ್ದಂಗಲ್ವಾ ಇದು?" ಎಂದರು.

ಕೆಲಸದವರಿಗೂ ತಮ್ಮ ಮಾತು ಹೇಳಲು ಜಾಗ ಕೊಡಿ ಎಂದು ನಾನು ಕಂಪನಿಗೆ ಬರೆದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಉತ್ತರ ಬಂತು: 'ನಿಮ್ಮ ಸಲಹೆ ಅಮೂಲ್ಯ. ಬೇಡಿಕೆಗಳ ಪುಟದಲ್ಲಿ ಬಳಕೆದಾರರ ಓಟು ಯಾವುದಕ್ಕೆ ಹೆಚ್ಚೋ ಅದನ್ನು ಮೊದಲು ಮಾಡುತ್ತೇವೆ.' ಆ ಪುಟ ತೆಗೆದು ನೋಡಿದರೆ ಎಲ್ಲಕ್ಕಿಂತ ಮೇಲೆ ಕೂತಿದ್ದ ಬೇಡಿಕೆ, ಆ್ಯಪಿನ ಬಣ್ಣ ಕಪ್ಪಾಗಬೇಕು ಅನ್ನುವುದು! ನಮ್ಮದಕ್ಕೆ ಇದ್ದದ್ದು ನನ್ನದೊಂದೇ ಓಟು. ಅಡುಗೆಯಮ್ಮ ಹಾಕಲು ಹೋದರೆ ಫ್ಲಾಟ್ ನಂಬರು ಕೇಳಿತು.

"ಎಂಎಲ್ಎಗೆ ಹಾಕ್ತೀನಿ, ಎಂಪಿಗೆ ಹಾಕ್ತೀನಿ, ನನ್ ಹೆಸರಿರೋ ಇದಕ್ಕೆ ಹಾಕಂಗಿಲ್ವಾ?" ಮೂಗುಬೊಟ್ಟುಗಳು ಅದುರಿದವು. "ಇರ್ಲಿ. ಹಾಕೋರ ಕೈಲೇ ಹಾಕುಸ್ತೀನಿ."

ಯುಗಾದಿಯ ಬೆಳಿಗ್ಗೆ ಮನೆಮನೆಯಲ್ಲೂ ಬೇಳೆ ಬೆಂದು ಕೂತಿತ್ತು, ಒಬ್ಬಟ್ಟು ತಟ್ಟುವವರು ಮಾತ್ರ ಗೇಟಿನ ಹೊರಗೆ. ಅಡುಗೆಯವರು, ಪಾತ್ರೆ ತೊಳೆಯುವವರು ಎಲ್ಲರೂ ಹಬ್ಬದ ಸೀರೆಯುಟ್ಟು ನಿಂತಿದ್ದರು. ಒಬ್ಬರೂ ನಂಬರು ಹೇಳಲೊಲ್ಲರು. ಎಲ್ಲರ ಮುಂದೆ ನಮ್ಮ ಅಡುಗೆಯಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ಕೆಳಗ್ ಬನ್ನಿ, ನಮ್ ಕಣ್ಮುಂದೆ ಓಟು ಒತ್ತಿ, ಆಮೇಲೆ ಒಬ್ಬಟ್ಟು!"

ಮೂರನೇ ಮಹಡಿಯವರು ರೇಷ್ಮೆ ಪಂಚೆಯಲ್ಲೇ ಇಳಿದು ಬಂದರು. "ಹಬ್ಬದ ದಿನ ಇದೇನ್ರೀ, ಬ್ಲ್ಯಾಕ್‌ಮೇಲಾ?"

"ನೀವ್ ಬರ್ದಿದ್ದೇನ್ ಸಾರ್, ಆಶೀರ್ವಾದನಾ?"

ಅವರು ಹಿಂದೆ ಸರಿದರು. ಉಳಿದವರು ಒಬ್ಬೊಬ್ಬರಾಗಿ ಫೋನು ಹಿಡಿದು ಇಳಿದರು. ನಾಚಿಕೆಯೋ, ಬೇಳೆ ಹಳಸುವ ಭಯವೋ, ದೇವರಿಗೇ ಗೊತ್ತು. ಸುದ್ದಿ ಹಬ್ಬಿ ಅಕ್ಕಪಕ್ಕದ ಗೇಟುಗಳಲ್ಲೂ ಇದೇ ನಡೆಯಿತು. ಸಂಜೆಯೊಳಗೆ ಕಪ್ಪು ಬಣ್ಣ ಕೆಳಗೆ ಬಿದ್ದು ನಮ್ಮ ಬೇಡಿಕೆ ಮೇಲೆ ಬಂತು. ಮಾರನೆಯ ದಿನ ಕಂಪನಿಯವರೇ ಫೋನು ಮಾಡಿದರು, ಅಬ್ಬಬ್ಬಾ, ಏನು ವಿನಯ!

ಕೆಲಸದವರ ಉತ್ತರವಿಲ್ಲದ ಷರಾ ಇನ್ನು ಯಾರಿಗೂ ಕಾಣುವುದಿಲ್ಲ ಎಂದು ಕಂಪನಿಯವರು ಬದಲಾಯಿಸಿದ್ದು ಶ್ರಾವಣದಲ್ಲಿ. ಅಡುಗೆಯಮ್ಮ ಆಷಾಢದಲ್ಲೇ ಹೋಗಿಬಿಟ್ಟಿದ್ದರು. ಎದೆನೋವು ಅಂತ ತಮ್ಮ ಮನೆಯಲ್ಲಿ ಕೂತವರು ಏಳಲಿಲ್ಲ. ಆ ಕೆಟ್ಟ ಮಾತನ್ನು ಹೆಸರಿಗೆ ಅಂಟಿಸಿಕೊಂಡೇ ಹೋದರಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ಆ್ಯಪ್ ನನ್ನನ್ನು ಕೇಳಿತು: ಈ ಕೆಲಸದವರು ಬಹಳ ದಿನದಿಂದ ಬಂದಿಲ್ಲ, ಹೆಸರು ತೆಗೆಯಲು ಸ್ಟಾರ್ ಕೊಡಿ. ಕೊಡದೆ ತೆಗೆಯಲು ದಾರಿಯೇ ಇಲ್ಲ.

"ಐದು ಕೊಟ್ಬಿಡಮ್ಮ, ಮುಗೀತು" ಎಂದ ಮಗ.

"ಸತ್ತೋರಿಗೆ ಮಾರ್ಕ್ಸ್ ಹಾಕಕ್ಕೆ ನಾನ್ಯಾರೋ?" ಎಂದು ಕಿರುಚಿದೆ.

ಬೇಡಿಕೆಗಳ ಪುಟದಲ್ಲಿ ಹೊಸದೊಂದು ಬರೆದಿದ್ದೇನೆ: ತೀರಿಕೊಂಡವರನ್ನು ಅಳೆಯದೆ ಕಳಿಸಿಕೊಡಿ. ಸದ್ಯಕ್ಕೆ ಅದಕ್ಕೂ ನನ್ನದೊಂದೇ ಓಟು. ನಿನ್ನೆಯಿಂದ ಮನೆಮನೆಯ ಬೆಲ್ ಒತ್ತುತ್ತಿದ್ದೇನೆ. ಬನ್ನಿ ಆಂಟಿ, ಕೂತ್ಕೊಳ್ಳಿ, ಕಾಫಿ ತರ್ತೀನಿ ಅನ್ನುತ್ತಾರೆ. ಕಾಫಿ ಆಮೇಲೆ, ಮೊದಲು ಫೋನು ತನ್ನಿ ಅನ್ನುತ್ತೇನೆ.