ಗಂಗೂಬಾಯಿಯ ‘ಚಲೋ’

ನಾಗಪುರದ ಸೀತಾಬರ್ಡಿ ಬಜಾರಿನಲ್ಲಿ ಸೀರೆ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ಪ್ರವೀಣ್ ಒಂದು ಆಟದ ಕೋಣೆ ನಡೆಸುತ್ತಾನೆ. ದುಡ್ಡು ಕೊಟ್ಟು ಒಳಗೆ ಹೋಗಬೇಕು, ಬಾಗಿಲು ಹಾಕಿಸಿಕೊಳ್ಳಬೇಕು, ಒಗಟು ಬಿಡಿಸಿ ಹೊರಗೆ ಬರಬೇಕು. ಬೀಗ, ಕಳ್ಳಕಪಾಟು ಎಲ್ಲ ನಾನೇ ಕೂಡಿಸಿದ್ದು. ಮಂದಿಗೆ ತಲೆ ಕೆಟ್ಟಿದೆ ಎಂದು ಬೈಯುತ್ತಲೇ ಕೂಡಿಸಿದೆ.

ಒಳಗೆ ಕಟ್ಟಿರುವುದು ಹಳೇ ವಾಡೆ, ಅಂದರೆ ಹಳೇ ಕಾಲದ ದೊಡ್ಡ ಮನೆ. ಆಟದ ಕತೆಯಲ್ಲಿ ಆ ಮನೆಯ ಅಜ್ಜಿಯ ನತ್ತು ಕಳೆದಿದೆ, ಅದು ಸಿಕ್ಕರೆ ಬಾಗಿಲು ತೆರೆಯುತ್ತದೆ. ಆ ಅಜ್ಜಿಯಾಗಿ ಕೂರುವವಳು ಗಂಗೂಬಾಯಿ. ಗದಗ ಕಡೆಯಾಕೆ, ಗಂಡನ ರೈಲ್ವೆ ನೌಕರಿಯ ಹಿಂದೆ ನಾಗಪುರಕ್ಕೆ ಬಂದವಳು. ಮನೆಯಲ್ಲಿ ಮೊಮ್ಮಕ್ಕಳಿಗೆ ಮರಾಠಿಯೇ ಮಾತು. ಆಕೆಯ ಮಾತಿಗೆ ಹ್ಞೂಂ ಅನ್ನುವವರಿಲ್ಲ. ಇಲ್ಲಿ ಹತ್ತಿಬತ್ತಿ ಹೊಸೆಯುತ್ತ ಕೂತು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಗೊಣಗಿದರೆ ಆಡುವವರು ಕಿವಿಗೊಟ್ಟು ಕೇಳುತ್ತಾರೆ. ಬೆಲ್ಲದ ಡಬ್ಬಿಗೆ ಇರುವೆ ಹತ್ತಿವೆ ಎಂದರೆ ಕೀಲಿ ಅಲ್ಲಿದೆ ಅಂತ. ಸುಳಿವು ಕೊಟ್ಟಳು ಅನ್ನಿಸುವುದಿಲ್ಲ, ಅಜ್ಜಿ ಬೈದಳು ಅನ್ನಿಸುತ್ತದೆ. ಆಟ ನಿಂತಿರುವುದು ಅದರ ಮೇಲೆ, ನನ್ನ ಬೀಗದ ಮೇಲಲ್ಲ.

ಮೊನ್ನೆ ಸಿವಿಲ್ ಲೈನ್ಸಿನ ಯಾವುದೋ ಆಫೀಸಿನ ನಾಲ್ವರು ಬಂದರು. ಅವರಲ್ಲಿ ಶರ್ವಾಣಿ ಎಂಬ ಹುಡುಗಿಗೆ ಕೀಲಿ ಸಿಕ್ಕಿತು. ಗಂಗೂಬಾಯಿ ಹಿಗ್ಗಿ, “ಚಲೋ! ಚಲೋ!” ಅಂದುಬಿಟ್ಟಳು. ನಮ್ಮ ಕಡೆ ಚಲೋ ಅಂದರೆ ಭೇಷ್. ಹಿಂದಿಯವರಿಗೆ ‘ನಡೀರಿ’. ಅಜ್ಜಿ ಓಡಿಸುತ್ತಿದ್ದಾಳೆ, ಮನೆಗೆ ಕಳ್ಳ ನುಗ್ಗಿದನೆಂದು ನಾಲ್ವರೂ ತುರ್ತುಬಾಗಿಲು ದೂಡಿ, ಮೆಟ್ಟಿಲಿಳಿದು, ಬಜಾರಿಗೇ ಓಡಿದರು.

ಪ್ರವೀಣ್ ಹಣೆ ಬಡಿದುಕೊಂಡ. “ಆಟ ಕೆಡಿಸಿದ್ರಿ, ಆಜಿ. ನಾಳೆಯಿಂದ ಬರಬೇಡಿ. ರೆಕಾರ್ಡಿಂಗ್ ಹಾಕ್ತೀನಿ,” ಎಂದ ಹಿಂದಿಯಲ್ಲಿ.

ಗಂಗೂಬಾಯಿ ನನ್ನ ಕಡೆ ತಿರುಗಿದಳು. “ಮನಿಯಾಗ ಕುಂತು ಯಾರ ಜೋಡಿ ಮಾತಾಡ್ಲೋ ತಮ್ಮಾ? ಗ್ವಾಡಿ ಜೋಡಿ?” ಎಂದು ಗೋಡೆ ತೋರಿಸಿದಳು.

ನನಗೆ ಪಿತ್ತ ನೆತ್ತಿಗೇರಿತು. “ಏ ಪ್ರವೀಣ್, ನಿನ್ನ ಡಬ್ಬಾ ಕೂಗಿದ್ರ ಯಾರರ ಹಿಂಗ ಓಡ್ತಾರೇನು? ಖರೇ ಅಂತ ನಂಬ್ಯಾರ, ಅದಕ್ಕ ಓಡ್ಯಾರ!” ಸಿಟ್ಟಿನಲ್ಲಿ ಕನ್ನಡದಲ್ಲೇ ಕೂಗಿದ್ದೆ. ಅವನು ಪಿಳಿಪಿಳಿ ನೋಡಿದ. ಮತ್ತೆ ಹಿಂದಿಯಲ್ಲಿ ಬೈಯಬೇಕಾಯಿತು. ಎರಡನೇ ಸಲ ಅಷ್ಟು ಖಾರ ಉಳಿಯಲಿಲ್ಲ.

ಅಷ್ಟರಲ್ಲಿ ಶರ್ವಾಣಿ ಏದುಸಿರು ಬಿಡುತ್ತ ಮೇಲೆ ಬಂದಳು. “ಆಜಿ, ಕಳ್ಳ ಹೋದನಾ? ನಾವು ಒಳಗೆ ಬರಬಹುದಾ?”

ಪ್ರವೀಣ್ ಅವಳ ಮುಖ ನೋಡಿದ. “ಆ ‘ಚಲೋ’ ಒಂದು ಬೇಡ, ಆಜಿ,” ಎಂದಷ್ಟೇ ಹೇಳಿ ನಾಲ್ವರನ್ನೂ ಒಳಗೆ ಬಿಟ್ಟ.

ನತ್ತು ಸಿಕ್ಕಾಗ ಗಂಗೂಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಂದ ‘ಚಲೋ’ವನ್ನು ನುಂಗಿದಳು. ಅಜ್ಜಿ ಅಳುತ್ತಿದ್ದಾಳೆಂದು ನಾಲ್ವರೂ ಬಂದು ಸುತ್ತ ಕೂತರು. ನತ್ತು ಯಾರು ಮಾಡಿಸಿಕೊಟ್ಟದ್ದೆಂದು ಒಬ್ಬ ಕೇಳಿದ. ಆಕೆ ಅದರ ಕತೆ ಶುರು ಮಾಡಿದಳು. ಬಾಗಿಲು ತೆರೆದೇ ಇತ್ತು, ಯಾರೂ ಏಳಲಿಲ್ಲ. ಮುಂದಿನ ತಂಡ ಕಾಯುತ್ತಿದೆಯೆಂದು ಪ್ರವೀಣನೇ ಹೋಗಿ ಎಬ್ಬಿಸಿದ. ಹೊರಗೆ ಬರುವಾಗ ಗಂಗೂಬಾಯಿಗೆ, “ನಾಳೆ ಜಲ್ದಿ ಬನ್ನಿ,” ಎಂದ.