ಮುಯ್ಯಾಳಿಗೆ ಕೂಲಿ ಕೊಟ್ಟವಳು

ನನ್ನ ವಾರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಇತ್ತು ಅಂತ ಬರೆಯೋಣ ಅಂದುಕೊಂಡೆ, ಆದರೆ ಈಗಲೂ ಇದೆ. ಮಂಡಿ ಸವೆದಿದೆ, ಕಣ್ಣು ಮಂಜಾಗಿದೆ, ಇದೊಂದು ಮಾತ್ರ ಸವೆದಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಸುತ್ತಿಬಳಸಿ ಬರೆಯಲು ಬರುವುದಿಲ್ಲ.

ಅವಳು ನನ್ನ ಗಂಡನ ತಮ್ಮನ ಹೆಂಡತಿ. ನಾನು ತಿ. ನರಸೀಪುರದ ಕಡೆಯಿಂದ ನಂಜನಗೂಡಿನ ಈ ಹಳ್ಳಿಗೆ ಸೊಸೆಯಾಗಿ ಬಂದ ಎರಡು ವರ್ಷಕ್ಕೆ ಅವಳು ಬಂದಳು. ಮಾವ ತೀರಿಕೊಂಡ ಮೇಲೆ ಪಾಲಾಯಿತು. ಮನೆಯ ನಡುವೆ ಒಂದು ಗೋಡೆ ಎದ್ದಿತು, ಗದ್ದೆಯ ನಡುವೆ ಒಂದು ಬದು. ಇಬ್ಬರಿಗೂ ಅಷ್ಟಷ್ಟೇ ಭೂಮಿ, ಅದೇ ನಾಲೆಯ ನೀರು. ಹಾಗಾಗಿ ಅವಳಿಗೆ ಹೆಚ್ಚು ಸಿಕ್ಕಿತು ಅಂತ ಜಗಳ ಆಡುವ ಹಾಗೂ ಇರಲಿಲ್ಲ.

ಆಮೇಲೆ ನನ್ನ ಗಂಡನಿಗೆ ತಾಂಡ್ಯದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಿಂಗಳು ತಿಂಗಳು ಸಂಬಳ. ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದೆವು, ಜಗಲಿಗೆ ಕೆಂಪು ಗಾರೆ ಹಾಕಿಸಿದೆವು, ರೇಡಿಯೋ ತಂದೆವು. ಅವಳ ಜಗಲಿ ಸಗಣಿ ಸಾರಿಸಿದ್ದು, ಅಂಚು ಉದುರುತ್ತಿತ್ತು. ಆದರೆ ಕೇರಿಯ ಹೆಂಗಸರೆಲ್ಲ ಕೂರುತ್ತಿದ್ದುದು ಅಲ್ಲಿ. ಅವರೆಕಾಯಿ ಸುಲಿಯುವವರು, ಹೇನು ನೋಡಿಸಿಕೊಳ್ಳುವವರು, ಸುಮ್ಮನೆ ಕಾಲು ಚಾಚಿ ಗಂಡಂದಿರನ್ನು ಬೈಯುವವರು. ನನ್ನ ಜಗಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬರುತ್ತಿದ್ದುದು ಗುಬ್ಬಚ್ಚಿ.

ನನಗೆ ಬೇಕಾಗಿದ್ದುದು ಆ ಹೆಂಗಸರು. ದುಡ್ಡಿದ್ದವಳಿಗೆ ಬೇಕಾದದ್ದನ್ನು ತರುವ ದಾರಿ ಗೊತ್ತಲ್ಲ, ಕೊಡಲು ಶುರುಮಾಡಿದೆ. ಗೌರಿ ಹಬ್ಬಕ್ಕೆ ಬಡವರ ಮನೆಗಳಿಗೆ ಸೀರೆ ಕೊಟ್ಟೆ. ಊರಿನ ಮದುವೆಗಳಿಗೆ ಆಗಲಿ ಅಂತ ನಂಜನಗೂಡು ಪೇಟೆಯಿಂದ ಆಳುದ್ದದ ತಪ್ಪಲೆ ತರಿಸಿ, ಅದರ ಕಂಠಕ್ಕೆ ನಮ್ಮ ಗಂಡಹೆಂಡಿರ ಹೆಸರು ಹೊಡೆಸಿ, ಮಾರಿಗುಡಿಯಲ್ಲಿ ಇಡಿಸಿದೆ. "ದೊಡ್ ಮನ್ಸು ಕಣವ್ವ ನಿಂದು" ಅಂತ ಎಲ್ಲರೂ ಹೇಳಿದರು. ಹೇಳಿ, ನಾನು ಕೊಟ್ಟ ಸೀರೆಗಳನ್ನು ತೆಗೆದುಕೊಂಡು ಹೋಗಿ ಅವಳ ಜಗಲಿಯ ಮೇಲೆ ಬಿಡಿಸಿ ಹಾಕಿ, ಯಾರ ಸೀರೆಯ ಅಂಚು ಚೆನ್ನಾಗಿದೆ ಅಂತ ಅವಳನ್ನೇ ಕೇಳಿದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಆದರೆ ನಾನು ಮಾಡಿದ ದೊಡ್ಡ ತಪ್ಪು ಸೀರೆಯದಲ್ಲ. ಅದು ಗದ್ದೆಯಲ್ಲಿ ಆದದ್ದು.

ನಮ್ಮ ಕಡೆ ಭತ್ತದ ನಾಟಿಗೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಿನ್ನ ಗದ್ದೆಗೆ ನಾವೆಲ್ಲ ಬಂದು ಪೈರು ನೆಡುತ್ತೇವೆ, ನಾಳೆ ನಮ್ಮ ಗದ್ದೆಗೆ ನೀನು ಬಂದು ನೆಡಬೇಕು. ಕೂಲಿ ಇಲ್ಲ. ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ, ಹುಳಿ, ಎಲೆಅಡಿಕೆ, ಅಷ್ಟೇ. ಗಂಡನಿಗೆ ಕೆಲಸ ಸಿಕ್ಕ ಮೊದಲ ವರ್ಷ ನನ್ನ ಗದ್ದೆಗೂ ಹನ್ನೆರಡು ಜನ ಹಾಗೇ ಬಂದರು. ಸಂಜೆ ಹೊತ್ತು ಮುಳುಗುವಾಗ ನಾನು ಬದುವಿನ ಮೇಲೆ ನಿಂತು ಒಬ್ಬೊಬ್ಬರ ಕೈಗೂ ದುಡ್ಡು ಇಟ್ಟೆ. ಊರಿನಲ್ಲಿ ನಡೆಯುತ್ತಿದ್ದ ಕೂಲಿಗಿಂತ ಒಂದು ಕೈ ಹೆಚ್ಚೇ. ಎಲ್ಲರಿಗಿಂತ ಹಿರಿಯ ಮುದುಕಿ ನೋಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇದೇನವ್ವಾ?"

"ಕೂಲಿ ಕಣಜ್ಜಿ. ನಂಗೆ ನಿಮ್ಮೆಲ್ರ ಗದ್ದೆಗೂ ಬರಕಾಗಕಿಲ್ಲ. ಅದ್ಕೇ."

"ಓಹೋ, ತೀರಿಸ್ಬುಟ್ಟೆ ಅನ್ನು."

ಯಾರೂ ದುಡ್ಡನ್ನು ವಾಪಸ್ ಕೊಡಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಬೆನ್ನು ಬಗ್ಗಿಸುವುದು ತಪ್ಪಿತು ಅಂತ ನನಗೆ ಖುಷಿ.

ಮರುವರ್ಷ ಶ್ರಾವಣದಲ್ಲಿ ನಾಟಿಗೆ ಅಂತ ಬಿತ್ತಿದ್ದ ಒಟ್ಟಲು ಪೈರು ಮೊಣಕಾಲಿಗೆ ಬಂದಿತ್ತು, ನಾಲೆಯಲ್ಲಿ ನೀರಿತ್ತು, ಕೆಸರು ಹದವಾಗಿತ್ತು. ಒಬ್ಬಳೂ ಬರಲಿಲ್ಲ. ಮನೆಮನೆಗೆ ಹೋಗಿ ಕರೆದೆ.

"ನಾಳೆ ನಿನ್ ವಾರಗಿತ್ತಿ ಗದ್ದೆ ಅದೆ ಕಣವ್ವ."

"ನಾಡಿದ್ದು?"

"ನಾಡಿದ್ದು ನಮ್ದು."

"ಕೂಲಿ ಇನ್ನೂ ಜಾಸ್ತಿ ಕೊಟ್ಟೇನು."

"ದುಡ್ ಇರೋರು ಆಳ್ ಕರಸ್ಕೊಬೇಕು ಕಣವ್ವ. ನಾವು ಆಳಲ್ಲ."

ಆಚೆ ಕೇರಿಯಿಂದ ಕೂಲಿಗೆ ಬರುತ್ತಿದ್ದ ಹೆಂಗಸರನ್ನು ದೊಡ್ಡ ಜಮೀನಿನವರು ಮೊದಲೇ ಗೊತ್ತುಮಾಡಿಕೊಂಡಿದ್ದರು. ಅವತ್ತೇ ಬಸ್ಸು ಹತ್ತಿ ತವರಿಗೆ ಹೋದೆ, ಅಲ್ಲಿಂದಾದರೂ ಹತ್ತು ಜನರನ್ನು ಕರೆತರೋಣ ಅಂತ. ನನ್ನ ಅತ್ತಿಗೆ ಕೆಸರುಗೈಯಲ್ಲೇ ಬಂದು ನಕ್ಕಳು. "ನಮ್ಗೇ ನಾಟಿ ಕಣಮ್ಮಿ. ನೀನೇ ಸೆರಗು ಕಟ್ಟಿ ಇಳಿ, ಒಬ್ಳಾರೂ ಆಯ್ತೀಯ" ಅಂದಳು.

ಗಂಡ ತಲೆಯೇ ಕೆಡಿಸಿಕೊಳ್ಳಲಿಲ್ಲ. "ಅಂಗ್ಡಿ ಅಕ್ಕಿ ತಿಂದ್ರಾಯ್ತು ಬುಡು" ಅಂದ. ಅವನಿಗೆ ಅದು ಅಕ್ಕಿಯ ಮಾತು. ನನಗೆ ಅಲ್ಲ. ಬದುವಿನ ಆ ಕಡೆ ಅವಳ ಗದ್ದೆ ಹಸಿರು ತಿರುಗಿ, ಈ ಕಡೆ ನನ್ನದು ಬರೀ ಕೆಸರಾಗಿ ಬಿದ್ದಿದ್ದರೆ, ಬಸ್ಸಿನಲ್ಲಿ ಹೋಗುವವರೂ ನೋಡುತ್ತಾರೆ. ಪೈರಿಗೆ ತಿಂಗಳು ದಾಟುತ್ತಿತ್ತು, ಗೆಣ್ಣು ಬಿಡುತ್ತಿತ್ತು. ಇನ್ನು ಹತ್ತು ದಿನ ತಡವಾದರೆ ದನಕ್ಕೆ ಹಾಕಬೇಕು.

ಅವಳ ಗದ್ದೆಯ ನಾಟಿಯ ದಿನ ಬೆಳಗ್ಗೆಯಿಂದ ಕೇಳಿಸಿಕೊಂಡೆ. ಹದಿನಾಲ್ಕು ಹೆಂಗಸರ ಪದ, ನಗು, ಮಧ್ಯೆ ಅವಳ ದನಿ. ಊಟದ ಹೊತ್ತಿನವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಸೀರೆ ಎತ್ತಿ ಕಟ್ಟಿ, ಕರೆಯದೆ ಹೋಗಿ ಗದ್ದೆಗೆ ಇಳಿದೆ.

"ಫ್ಯಾಕ್ಟ್ರಿಯೋರ ಎಂಡ್ತಿ ಬಂದವ್ರೆ, ಕುರ್ಚಿ ಆಕ್ರವ್ವಾ!" ಅಂದಳು ಒಬ್ಬಳು.

"ಸಾಯಂಕಾಲ ನಮ್ಗೆ ಕೂಲಿ ಕೊಡಕ್ ಬಂದವ್ರೆ ಕಣೆ, ಸುಮ್ನಿರು" ಅಂದಳು ಇನ್ನೊಬ್ಬಳು. ಗದ್ದೆಯೆಲ್ಲ ನಕ್ಕಿತು.

ವಾರಗಿತ್ತಿ ಮಾತ್ರ ನಗಲಿಲ್ಲ. ಒಂದು ಕಟ್ಟು ಪೈರು ನನ್ನ ಮುಂದಕ್ಕೆ ಎಸೆದು, "ಇಲ್ಲಿ ಬಾಕ್ಕ, ನನ್ ಪಕ್ಕದಲ್ಲಿ" ಅಂದಳು. ನಕ್ಕಿದ್ದರೆ ಚೆನ್ನಾಗಿತ್ತು, ಬೈದುಕೊಂಡಾದರೂ ಇರುತ್ತಿದ್ದೆ. ಒಂದೂವರೆ ವರ್ಷ ಬಗ್ಗದ ಬೆನ್ನು. ನನ್ನ ಸಾಲು ಸೊಟ್ಟಗಾಯಿತು, ಹಿಂದೆ ಬಿತ್ತು. ಅವಳು ತನ್ನದನ್ನು ಮುಗಿಸಿಕೊಂಡು, ನನ್ನ ಸಾಲಿನ ಉಳಿದದ್ದನ್ನೂ ನೆಟ್ಟುಕೊಂಡು ಹೋದಳು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಾರನೆಯ ದಿನದಿಂದ ನಾಟಿ ಉಳಿದಿದ್ದ ಒಬ್ಬೊಬ್ಬರ ಗದ್ದೆಗೂ ಹೋದೆ. ಒಂದು ದಿನ ಗದ್ದೆಯೇ ಇಲ್ಲ, ಒಬ್ಬ ಒಂಟಿ ಹೆಂಗಸಿನ ಮನೆಯ ಗೋಡೆಗೆ ಮಣ್ಣು ಮೆತ್ತುವ ಕೆಲಸ. ಅವಳು ಎಲ್ಲರ ನಾಟಿಗೂ ಬರುತ್ತಿದ್ದಳು, ಆದರೆ ಅವಳಿಗೆ ಅಂಗೈಯಗಲ ಭೂಮಿ ಇರಲಿಲ್ಲ.

"ಇವ್ಳಿಗೆ ಯಾತರ ಮುಯ್ಯಿ?" ಅಂತ ವಾರಗಿತ್ತಿಯನ್ನು ಕೇಳಿದೆ.

"ಗದ್ದೆ ಇಲ್ದಿದ್ರೆ ಗೋಡೆ ಇಲ್ವಾ? ಮಣ್ ತತ್ತಾ" ಅಂದಳು.

ಗೋಡೆ ಮೆತ್ತುತ್ತ ನನಗೆ ಲೆಕ್ಕ ತಪ್ಪಿಹೋಯಿತು. ಆ ಹೆಂಗಸು ಅಷ್ಟೂ ಜನರ ಗದ್ದೆಯಲ್ಲಿ ಒಂದೊಂದು ದಿನ ಬಗ್ಗಿದ್ದಳು. ನಾವೆಲ್ಲ ಸೇರಿ ಅವಳಿಗೆ ಮಾಡಿದ್ದು ಒಂದೇ ದಿನ. ಇದು ಸರಿಯಾಯಿತಾ ಅಂತ ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದಾಗ ಗಂಜಿ ಹೋಗುತ್ತಿತ್ತು, ಹುಗ್ಗಿ ಮಾಡಿದ ಮನೆಯಿಂದ ಹುಗ್ಗಿ ಹೋಗುತ್ತಿತ್ತು. ಹೋದ ವರ್ಷ ನಾನು ಕೊಟ್ಟ ಸೀರೆಯನ್ನು ಅವಳು ಪೆಟ್ಟಿಗೆಯಲ್ಲಿ ಹಾಗೇ ಇಟ್ಟಿದ್ದಳು. ನಾನು ಕೊಟ್ಟು ಕೈ ತೊಳೆದುಕೊಂಡಿದ್ದೆ. ಕೊಟ್ಟವಳಿಗೆ ಅವರಿಂದ ಏನೂ ಬೇಕಿಲ್ಲ ಅಂದಮೇಲೆ ಅವರು ಯಾವ ಮುಖ ಇಟ್ಟುಕೊಂಡು ನನ್ನ ಜಗಲಿ ಹತ್ತಬೇಕು? ಈಗ ಟಿ.ವಿ.ಯಲ್ಲಿ ಸಾಹುಕಾರರು ಅಷ್ಟು ಕೋಟಿ ಕೊಟ್ಟರು ಇಷ್ಟು ಕೋಟಿ ಕೊಟ್ಟರು ಅಂತ ತೋರಿಸುತ್ತಾರೆ. ಅವರ ಗದ್ದೆಗೆ ಯಾರು ಬರುತ್ತಾರೆ ಅಂತ ನಾನು ನೋಡುತ್ತಿರುತ್ತೇನೆ.

ಹಾಗಂತ ವಾರಗಿತ್ತಿಯನ್ನು ದೇವರು ಮಾಡುವುದಿಲ್ಲ. ಆಚೆ ಕೇರಿಯ ಹೆಂಗಸರು ಈ ಮುಯ್ಯಿಯಲ್ಲಿ ಯಾಕಿಲ್ಲ, ಅವರಿಗೆ ಗೋಡೆ ಇಲ್ಲವಾ ಅಂತ ಅವಳ ಮಾತನ್ನೇ ಹಿಡಿದು ಕೇಳಿದೆ. "ಅದು ಮೊದ್ಲಿಂದ್ಲೂ ಇಲ್ಲ ಕಣಕ್ಕ" ಅಂತ ಮುಖ ತಿರುಗಿಸಿದಳು. ಅವಳಲ್ಲೂ ಒಂದು ಹುಳುಕು ಸಿಕ್ಕಿತಲ್ಲ ಅಂತ ಆ ದಿನ ನನಗೆ ಊಟ ಚೆನ್ನಾಗಿ ಸೇರಿತು. ನಾನೇನು ಆ ಹೆಂಗಸರನ್ನು ಕರೆದು ಸಾಲಿಗೆ ಸೇರಿಸಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಎಂಟನೆಯ ದಿನ ನನ್ನ ಗದ್ದೆಗೆ ಬಂದರು, ಹದಿನೈದು ಜನ. ಪೈರು ಬಲಿತಿತ್ತು, ಬೇರು ಕೀಳುವಾಗ ಪಟಪಟ ಅನ್ನುತ್ತಿತ್ತು. ನಾನು ಅಡುಗೆ ಹೊತ್ತುಕೊಂಡು ಬಂದು ಬದುವಿನ ಮೇಲೆ ನಿಂತಿದ್ದರೆ ಆ ಹಿರಿಯ ಮುದುಕಿ, "ಜೀತದೋರ ಕಾಯೋಳಂಗೆ ನಿಂತ್ಕಬ್ಯಾಡ, ಇಳಿ" ಅಂದಳು. ಇಳಿದೆ. ಮಧ್ಯೆ ವಾರಗಿತ್ತಿ ನಮ್ಮ ಅತ್ತೆ ಗೊರಕೆ ಹೊಡೆಯುತ್ತಿದ್ದುದನ್ನು ಮಾಡಿ ತೋರಿಸಿದಳು. ನನ್ನ ಗದ್ದೆಯಲ್ಲಿ, ನನ್ನ ಊಟ ಉಂಡು, ಎಲ್ಲರೂ ಅವಳ ಮಾತಿಗೆ ನಕ್ಕರು. ನಾನೂ ನಕ್ಕುಬಿಟ್ಟೆ. ನಕ್ಕ ಮೇಲೆ ಸಿಟ್ಟು ಬಂತು.

ಸಂಜೆ ಗದ್ದೆ ಮುಗಿಯಿತು. ಕೈ ಸುಮ್ಮನಿರಲಿಲ್ಲ, ಏನಾದರೂ ಕೊಟ್ಟು ಮುಗಿಸೋಣ ಅಂತ ತುರಿಸುತ್ತಿತ್ತು. ಅದಕ್ಕೆ ಬಾಯಲ್ಲಾದರೂ ಮುಗಿಸೋಣ ಅಂತ, "ನಾ ಒಂದೊಂದ್ ದಿನ ಬಂದೆ, ನೀವೂ ಬಂದ್ರಿ. ಸರಿಓಯ್ತು" ಅಂದೆ.

"ಎಲ್ ಸರಿಓಯ್ತು?" ಅಂದಳು ವಾರಗಿತ್ತಿ. "ನನ್ ಗದ್ದೆಗೆ ನೀ ಬಂದದ್ದು ಉಂಡಾದ್ಮೇಲೆ. ಅರ್ಧ ದಿನ ಕೊಡ್ಬೇಕು ನೀನು."

"ನಾಳೆ ಬತ್ತೀನಿ."

"ನಾಳೆ ನಂಗೇನ್ ಕೆಲ್ಸ ಅದೆ? ಇರ್ಲಿ ಬುಡು. ಎಲ್ಲಾ ತೀರಿಸ್ಬುಟ್ರೆ ಆಮೇಲೆ ನೀ ಯಾಕ್ ಬಂದೀಯೆ?"

ಬಲಿತ ಪೈರು ತೆಂಡೆ ಒಡೆದು ಕವಲಾಗಲಿಲ್ಲ, ಆ ವರ್ಷ ಅವಳು ಬೆಳೆದದ್ದರಲ್ಲಿ ಅರ್ಧವೂ ನನಗೆ ಬರಲಿಲ್ಲ. ಆದರೆ ಗದ್ದೆ ಖಾಲಿ ಬೀಳಲಿಲ್ಲ. ಆ ಅರ್ಧ ದಿನ ಮಾತ್ರ ವರ್ಷಪೂರ್ತಿ ಹಲ್ಲಿನ ಸಂದಿಯ ಅಡಿಕೆಚೂರಿನ ಹಾಗೆ ಕಾಡಿತು. ಅವಳಿಗೆ ನಾನು ಕೊಡಬೇಕಾದದ್ದು ಉಳಿದಿದೆ ಅನ್ನುವುದೇ ಸಹಿಸಲಾಗುತ್ತಿರಲಿಲ್ಲ. ಮುಂದಿನ ನಾಟಿಗೆ ಅವಳು ಕರೆಯುವುದಕ್ಕೂ ಮುಂಚೆ, ಎಲ್ಲರಿಗಿಂತ ಮೊದಲು ಹೋಗಿ ಇಳಿದೆ. ಅರ್ಧ ದಿನಕ್ಕೆ ಎದ್ದು ಬರಲಿಲ್ಲ, ಹೊತ್ತು ಮುಳುಗುವವರೆಗೂ ಬಗ್ಗಿದೆ. ಕಾಲುವೆಯಲ್ಲಿ ಕಾಲು ತೊಳೆಯುವಾಗ ಅವಳು ನನ್ನನ್ನೇ ನೋಡಿ, "ಈಗ ನಾನೇ ನಿಂಗೆ ಅರ್ಧ ದಿನ ಕೊಡ್ಬೇಕಾಯ್ತು ಕಣಕ್ಕ" ಅಂದಳು.

"ನಾನೇನ್ ಕೇಳಿದ್ನಾ?" ಅಂದೆ.